ಹರಾಜುಗಾರನ ಬಿಲ್ಲಿಗೊಂದು ಬಾಲ

ಸೆಪ್ಟೆಂಬರ್ 9, ಮಂಗಳವಾರ

ನಾಲಿಗೆ ರಜೆ ಹಾಕಿ ಕೂತಿದೆ. ಕೈಯಾದರೂ ಮಾತಾಡಲಿ ಎಂದು ಇದನ್ನು ಶುರು ಮಾಡಿದ್ದೇನೆ. ಯಾರಿಗೂ ತೋರಿಸುವುದಿಲ್ಲ. ತೋರಿಸಿದರೆ ಜನ ಮುಗಿಬಿದ್ದು ಓದುತ್ತಾರೆ, ಆಮೇಲೆ ನನಗೆ ಪುರುಸೊತ್ತಿರುವುದಿಲ್ಲ.

ನನ್ನ ಪರಿಚಯವನ್ನು ನನಗೇ ಹೇಳಿಕೊಳ್ಳಬೇಕಾಗಿಲ್ಲ, ಆದರೆ ಹೇಳಿಕೊಳ್ಳುವುದೆಂದರೆ ನನಗಿಷ್ಟ. ಡೆಲ್ಮರ್ ಪ್ರಾಕ್ಟರ್. ಮಿಸೌರಿಯ ಈ ಗುಡ್ಡಗಾಡಿನಲ್ಲಿ ದನ ಮಾರಿದವರೆಲ್ಲ ನನ್ನ ಬಾಯಿಂದಲೇ ಮಾರಿದ್ದಾರೆ. ಒಂದೇ ಕೋಣೆಯ ಹಳ್ಳಿ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿದೆ. ಮುಂದೆ ಕಲಿಸುವುದಕ್ಕೆ ಅವರ ಬಳಿ ಏನೂ ಉಳಿದಿರಲಿಲ್ಲ. ಆಮೇಲೆ ಹರಾಜು ಕಟ್ಟೆ ಹತ್ತಿದವನು ಇಳಿದದ್ದು ಈ ಜುಲೈನಲ್ಲಿ, ಅದೂ ಇಬ್ಬರು ಹಿಡಿದು ಇಳಿಸಿದ್ದರಿಂದ. ಮೈಕು ಕೈಯಲ್ಲಿರುವಾಗಲೇ ಮಿದುಳಿಗೆ ರಕ್ತ ಹೋಗುವ ಯಾವುದೋ ಸಣ್ಣ ದಾರಿ ಮುಚ್ಚಿಕೊಂಡಿತಂತೆ. ಎಡಗಾಲು ಎಳೆಯತೊಡಗಿತು. ನಾಲಿಗೆ ಒದ್ದೆ ಗೋಣಿಚೀಲದ ಹಾಗಾಯಿತು.

ಈಗ ವಾರಕ್ಕೆರಡು ಸಲ ಮೇವಿನಂಗಡಿ ಪಕ್ಕದ ಥೆರಪಿ ಕ್ಲಿನಿಕ್ಕಿಗೆ ಹೋಗುತ್ತೇನೆ. ಕಾಲಿಗೊಬ್ಬರು, ಮಾತಿಗೊಬ್ಬರು. ನವೆಂಬರ್ ಮೊದಲ ಶನಿವಾರ ಕರುಗಳ ದೊಡ್ಡ ಹರಾಜು. ಅಂದು ಮೈಕು ನನ್ನದೇ. ಸದ್ಯಕ್ಕೆ ಬಕ್ ಸ್ಟ್ಯಾಫರ್ಡ್ ಕೂಗುತ್ತಿದ್ದಾನೆ. ಅವನ ಕೂಗು ಕೇಳಿ ದನಗಳೇ ನಾಚಿ ಬೆಲೆ ಇಳಿಸಿಕೊಳ್ಳುತ್ತವೆ.

ಸಂಜೆ ಕಾಫಿ ಬೇಕೆನಿಸಿತು. ನನ್ನ ಹೆಂಡತಿ ಡ್ರುಸಿಲ್ಲಾ ಹಿತ್ತಿಲಲ್ಲಿ ಟೊಮೆಟೊ ಕೀಳುತ್ತಿದ್ದಳು. ಹರಾಜಿನ ಮರದ ಸುತ್ತಿಗೆ ತೆಗೆದು ಜಗಲಿಯ ಕಟಕಟೆಗೆ ಎರಡು ಬಾರಿಸಿದೆ. ಬಂದಳು. ಸುತ್ತಿಗೆ ಹಿಡಿದ ಕೈಗೆ ಇನ್ನೂ ಎಷ್ಟು ಬೆಲೆಯಿದೆ ನೋಡಿ.

ಸೆಪ್ಟೆಂಬರ್ 11, ಗುರುವಾರ

ಇವತ್ತೊಂದು ಸ್ವಾರಸ್ಯ ಕಂಡುಹಿಡಿದೆ. ನನ್ನ ಹಿಂದೆ ಬಾಲ ಬೆಳೆದಿದೆ.

ಕ್ಲಿನಿಕ್ಕಿನಲ್ಲಿ ಬಿಲ್ಲು ಬರೆಯುವವಳು ಮಾರ್ಲಾ, ನನ್ನ ತಂಗಿಯ ಮಗಳು. ಸರದಿಗೆ ಕಾಯುತ್ತ ಅವಳ ಮೇಜಿನ ಮೇಲೆ ಮೊಣಕೈಯೂರಿ ಕಂಪ್ಯೂಟರನ್ನು ಇಣುಕಿದೆ. ಪ್ರತಿ ಸಾಲಿನಲ್ಲೂ ಚಿಕಿತ್ಸೆಯ ಸಂಖ್ಯೆ, ಅದರ ತುದಿಗೆ ಎರಡು ಅಕ್ಷರ.

"ಇದೇನೇ ಇದು, ಎಲ್ಲದಕ್ಕೂ ಬಾಲ?"

"ಮಾಡಿಫೈಯರ್ ಅಂತಾರೆ ಮಾವ. ನಿನಗ್ಯಾಕೆ? ಅಲ್ಲಿ ಹೋಗಿ ಕೂತ್ಕೊ."

"ನನ್ನ ಹಿಂದೆ ನೇತಾಡ್ತಿರೋದು ನನಗೆ ಗೊತ್ತಾಗಬಾರದಾ?"

ಅವಳಿಗೆ ನಗು ಬಂತು. ಜಿಪಿ ಎಂದಿದ್ದರೆ ಆ ಕೆಲಸ ಕಾಲಿನ ಥೆರಪಿಸ್ಟಿನ ಲೆಕ್ಕಕ್ಕೆ ಸೇರಿದ್ದು. ಜಿಎನ್ ಎಂದರೆ ಮಾತಿನ ಲೆಕ್ಕಕ್ಕೆ. ಅದಿಲ್ಲದಿದ್ದರೆ ಯಾರ ಯೋಜನೆಯ ಕೆಲಸವೆಂದು ಸರ್ಕಾರಿ ವಿಮೆಯವರಿಗೆ ತಿಳಿಯುವುದಿಲ್ಲ, ಬಿಲ್ಲು ಬಾಗಿಲಿಂದಲೇ ವಾಪಸ್ಸು. ಇನ್ನೊಂದು ಬಾಲ ಐವತ್ತೊಂಬತ್ತು. ಮೊನ್ನೆ ನನ್ನ ತೊಡೆ ನಾದಿದ್ದು ಒಂದು ಕೆಲಸ, ಆಮೇಲೆ ಮೆಟ್ಟಿಲು ಹತ್ತಿಸಿದ್ದು ಇನ್ನೊಂದು. ಎರಡನ್ನೂ ಒಂದೇ ದಿನ ಬರೆದರೆ ಕಂಪ್ಯೂಟರು ಎರಡೂ ಒಂದೇ ಎಂದು ಒಂದನ್ನು ಎಸೆಯುತ್ತದೆ. ಇಲ್ಲ, ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆಯಾಗಿಯೇ ಮಾಡಿದ್ದು ಎಂದು ಹೇಳುವುದು ಆ ಬಾಲದ ಕೆಲಸ.

"ಓಹೋ, ಹಸು ಕರು!" ಎಂದೆ. "ಜೋಡಿಯಾಗಿ ಬಂದ್ರೆ ಒಂದೇ ಕೂಗು. ಬೇರೆ ಮಾಡಿ ಬಿಟ್ರೆ ಎರಡು ಕೂಗು."

"ಕರೆಕ್ಟು. ಆದ್ರೆ ಕರು ಹಸುವಿನ ಕೆಚ್ಚಲು ಕಚ್ಚಿಕೊಂಡೇ ಇರುವಾಗ ಬೇರೆ ಅಂತ ಕೂಗೋ ಹಾಗಿಲ್ಲ. ನಾದ್ತಾ ನಾದ್ತಾನೇ ಕಾಲು ಎತ್ತಿಸಿದ್ರೆ ನಾನು ಐವತ್ತೊಂಬತ್ತು ಹಾಕೋಲ್ಲ."

"ಹಾಕಿದ್ರೆ ಯಾರು ನೋಡ್ತಾರೆ?"

"ಯಾರೂ ನೋಡದೆ ಇರಬಹುದು. ಒಂದಿನ ನೋಡಿದ್ರೆ ಈ ಎರಡು ಕೋಣೆಯ ಕ್ಲಿನಿಕ್ಕು ಬಾಗಿಲು ಹಾಕತ್ತೆ ಮಾವ. ಆಮೇಲೆ ನೀನು ನಾಲಿಗೆ ತೋರ್ಸಕ್ಕೆ ಅಷ್ಟು ದೂರ ಸ್ಪ್ರಿಂಗ್‌ಫೀಲ್ಡಿಗೆ ಹೋಗು."

ಹುಡುಗಿ ಖಡಕ್ಕು. ನಮ್ಮ ಮನೆತನ.

ಸೆಪ್ಟೆಂಬರ್ 14, ಭಾನುವಾರ

ನಿನ್ನೆ ಚರ್ಚಿನ ಪೈ ಹರಾಜು, ಹೆಂಗಸರು ಮನೆಯಲ್ಲಿ ಬೇಯಿಸಿ ತಂದ ಹಣ್ಣಿನ ಕಡುಬುಗಳದ್ದು. ನಾನೇ ಕೂಗಿದೆ! ಮೊದಲ ಪೈ, ಕಪ್ಪು ಬೆರ್ರಿಯದು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಯಿತು. ಸಭೆ ಸ್ತಬ್ಧ. ಉಳಿದದ್ದನ್ನು ಬಕ್‌ಗೆ ಬಿಟ್ಟುಕೊಟ್ಟೆ, ಹುಡುಗ ಕಲಿಯಲಿ ಎಂದು. ಬಕ್‌ಗೆ ಅರವತ್ತಾಗಿದೆ, ಆದರೂ.

ಸೆಪ್ಟೆಂಬರ್ 16, ಮಂಗಳವಾರ

ಮಾತಿನ ಥೆರಪಿಸ್ಟು ಇಮೋಜೆನ್ ಹೋಲ್ಟ್. ಹೋಲ್ಟ್ ಮೇಡಂ ಎನ್ನುತ್ತೇನೆ. ಒಳ್ಳೆಯವರು, ಒಂದೇ ದೋಷವೆಂದರೆ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. ವಾರ ಹೇಗಿತ್ತು ಎಂದು ಕೇಳಿದರು. ಪೈ ಹರಾಜು ಪೂರಾ ನಾನೇ ಕೂಗಿದೆ, ನದಿಯಾಚೆ ಮೀನು ಹಿಡಿಯುವವರಿಗೂ ಕೇಳಿಸಿತು, ಒಬ್ಬ ಅಲ್ಲಿಂದಲೇ ಕೈಯೆತ್ತಿ ಆಪಲ್ ಪೈ ಕೊಂಡ ಎಂದೆ. ಹೋದ ವಾರ ಫೋನಿನಲ್ಲಿ ಎರಡು ಹೋರಿ ಮಾರಿದ್ದನ್ನೂ ಹೇಳಿದೆ. ಹೋರಿ ಮಾರಿದ್ದು ನಿಜ. ಫೋನು ಡ್ರುಸಿಲ್ಲಾ ಕೈಯಲ್ಲಿತ್ತು ಅಷ್ಟೆ.

ಸರಕನ್ನು ಹೊಗಳದೆ ಮಾರಾಟಕ್ಕೆ ಬಿಡುವುದು ನನ್ನ ಕಸುಬಿನಲ್ಲೇ ಇಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಮಾರ್ಲಾ ಒಳಗೆ ಕರೆದು ಬಾಗಿಲು ಹಾಕಿದಳು. ಮುಖ ನೋಡಿದರೆ ಹರಾಜಿನಲ್ಲಿ ಕುಂಟು ಕುದುರೆ ಕೊಂಡವಳ ಹಾಗಿತ್ತು.

ವಿಷಯ ಇಷ್ಟು. ಕಾಲಿನ ಚಿಕಿತ್ಸೆ, ಮಾತಿನ ಚಿಕಿತ್ಸೆ ಎರಡನ್ನೂ ಸೇರಿಸಿ ವಿಮೆಯವರು ವರ್ಷಕ್ಕೊಂದು ಖರ್ಚಿನ ಗೆರೆ ಎಳೆದಿದ್ದಾರೆ. ನಾನು ಆ ಗೆರೆ ದಾಟಿದ್ದೇನೆ. ದಾಟಿದ ಮೇಲೆ ಪ್ರತಿ ಸಾಲಿಗೂ ಇನ್ನೊಂದು ಬಾಲ ಹಚ್ಚಬೇಕು: ಕೆಎಕ್ಸ್.

"ಹಚ್ಚು ಮತ್ತೆ," ಎಂದೆ. "ಎರಡಕ್ಷರಕ್ಕೆ ಇಷ್ಟು ದುಃಖಾನಾ?"

"ಅದು ಬರೀ ಅಕ್ಷರ ಅಲ್ಲ ಮಾವ. ಈ ಮನುಷ್ಯನಿಗೆ ಇನ್ನೂ ಥೆರಪಿಸ್ಟೇ ಮಾಡಬೇಕಾದ ಚಿಕಿತ್ಸೆ ಬೇಕು, ಯಾಕೆ ಬೇಕು ಅನ್ನೋದಕ್ಕೆ ನಮ್ಮ ಬರಹದಲ್ಲಿ ಆಧಾರ ಇದೆ ಅಂತ ಪ್ರಮಾಣ ಮಾಡಿದ ಹಾಗೆ. ಕಾಲಿನದಕ್ಕೆ ಇದೆ, ಹಚ್ತೀನಿ. ಮಾತಿನದಕ್ಕೆ ಏನು ಬರೆದಿದೆ ಗೊತ್ತಾ?"

ಓದಿದಳು. ಮೇಲುಗಡೆ ಹೋಲ್ಟ್ ಮೇಡಂ ಪರೀಕ್ಷೆ: ಹೊಸಬರಿಗೆ ಇವರ ಮಾತು ಅರ್ಧವೂ ಅರ್ಥವಾಗುವುದಿಲ್ಲ. ಕೆಳಗಡೆ: ರೋಗಿ ಹೇಳಿದಂತೆ, ಸಾರ್ವಜನಿಕ ಹರಾಜು ನಡೆಸಿದರು, ಫೋನಿನಲ್ಲಿ ವ್ಯಾಪಾರ ಮಾಡಿದರು, ಮನೆಯಲ್ಲಿ ಮಾತಿನ ತೊಂದರೆ ಏನೂ ಇಲ್ಲ.

"ಒಂದೇ ಹಾಳೆಯಲ್ಲಿ ಎರಡು ಬಾಯಿ ಜಗಳ ಆಡ್ತಿವೆ. ಪರಿಶೀಲನೆಗೆ ಬಂದವರು ಯಾವ ಬಾಯಿ ನಂಬ್ತಾರೆ? ಹರಾಜು ಕೂಗೋನಿಗೆ ಮಾತಿನ ಚಿಕಿತ್ಸೆ ಯಾಕೆ ಅಂತಾರೆ. ಕೆಎಕ್ಸ್ ಇಲ್ಲದೆ ಕಳಿಸಿದ್ರೆ ಬಿಲ್ಲು ವಾಪಸ್. ಆಧಾರ ಇಲ್ಲದೆ ಕೆಎಕ್ಸ್ ಹಚ್ಚಿದ್ರೆ ನಾನು ಸುಳ್ಳಿ. ಮಾತಿನ ಬಿಲ್ಲೆಲ್ಲ ತಡೆದಿಟ್ಟಿದ್ದೀನಿ. ಅಕ್ಟೋಬರ್ ಏಳಕ್ಕೆ ಮೇಡಂ ಮತ್ತೆ ಪೂರ್ತಿ ಪರೀಕ್ಷೆ ಮಾಡ್ತಾರೆ. ಅದರಲ್ಲೂ ಹೀಗೇ ಬಂದ್ರೆ ಮಾತಿನ ಚಿಕಿತ್ಸೆ ಅಲ್ಲಿಗೆ ನಿಲ್ಲತ್ತೆ."

"ನಿಂತ್ರೆ?"

"ನಿಂತ್ರೆ ನಿನ್ನ ನಾಲಿಗೆ ಎಲ್ಲಿದೆಯೋ ಅಲ್ಲೇ."

ಮನೆಗೆ ಬಂದು ಬನ್ನು, ಮಾಂಸದ ಗ್ರೇವಿ ಮುಂದಿಟ್ಟುಕೊಂಡು ಆರುವ ತನಕ ಕಲಸಿದೆ. ಅಲ್ಲೇ ಎಂದರೆ ಏನರ್ಥ?

ಸೆಪ್ಟೆಂಬರ್ 26

ಬರೆಯುವಂಥದ್ದೇನಿಲ್ಲ.

ಸೆಪ್ಟೆಂಬರ್ 29, ಸೋಮವಾರ

ತಲೆಯಿಂದ ಆ ಬಾಲ ಹೋಗುತ್ತಿಲ್ಲ. ಹರಾಜು ಕೊಟ್ಟಿಗೆಗೆ ಹೋಗಿ ಹಿಂಬದಿಯಲ್ಲಿ ದನಗಳನ್ನು ಒಂದೊಂದಾಗಿ ನಿಲ್ಲಿಸಿ ಪರೀಕ್ಷಿಸುವ ಕಿಂಡಿಯ ಬಳಿ ಕೂತು ನೋಡಿದೆ. ಹಸುಗಳು ಕಟ್ಟೆಗೆ ಬರುವ ಮುಂಚೆ ಪಶುವೈದ್ಯ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ತೋಳುದ್ದ ಕೈಗವಸು ಹಾಕಿಕೊಂಡು ಗಬ್ಬ ನೋಡುತ್ತಾನೆ, ಸೊಂಟದ ಮೇಲೆ ಬಣ್ಣದಲ್ಲಿ ಗುರುತು ಬರೆಯುತ್ತಾನೆ. ಇಡೀ ಆಯುಷ್ಯ ಆ ಬಣ್ಣ ನೋಡಿಕೊಂಡೇ ಕೂಗಿದವನು ನಾನು, ಅದರ ಬಗ್ಗೆ ಯೋಚಿಸಿದ್ದು ಇವತ್ತು.

ಕಟ್ಟೆಯ ಮೇಲೆ ನಾನು ಏನು ಬೇಕಾದರೂ ಅನ್ನಬಹುದು. ಇಂಥ ಹಸು ಸ್ವರ್ಗದಲ್ಲೂ ಇಲ್ಲ, ಇದರ ಹಾಲಿನಲ್ಲಿ ಚಮಚ ನಿಲ್ಲುತ್ತದೆ. ಅದಕ್ಕಾಗಿ ಯಾರೂ ಹಸುವನ್ನು ವಾಪಸ್ಸು ತಂದದ್ದಿಲ್ಲ. ಬಾಯಿ ಮಾತು ಗಾಳಿ, ಎಲ್ಲರಿಗೂ ಗೊತ್ತು. ಆದರೆ ಗಬ್ಬವೆಂದು ಬಣ್ಣ ಬಳಿದು ಬರಡು ಹಸು ಮಾರಿದರೆ ಕೊಂಡವನು ಮರುದಿನವೇ ಲಾರಿ ಹಿಮ್ಮುಖವಾಗಿ ತಂದು ನಿಲ್ಲಿಸುತ್ತಾನೆ.

ಹೋಲ್ಟ್ ಮೇಡಂ ನನ್ನ ಕೂಗನ್ನು ಬಣ್ಣದ ಜಾಗದಲ್ಲಿ ಬರೆದುಬಿಟ್ಟಿದ್ದಾರೆ. ತಪ್ಪು ಅವರದಲ್ಲ. ಆ ಕೋಣೆಯಲ್ಲಿ ಕಟ್ಟೆ ಯಾವುದು, ಕಿಂಡಿ ಯಾವುದು ಎಂದು ನನಗೆ ಗೊತ್ತಾಗಿರಲಿಲ್ಲ.

ಹಾಗಾದರೆ ಉಪಾಯ ಸುಲಭ! ಬಣ್ಣ ಬದಲಿಸಿದರಾಯಿತು. ಗುರುವಾರ ನೋಡಿ ಮಜಾ.

ಅಕ್ಟೋಬರ್ 2, ಗುರುವಾರ

ಮಜಾ ಆಗಲಿಲ್ಲ.

ಬಾಯಿ ಒಂದು ಕಡೆಗೆ ಜೋಲಿಸಿಕೊಂಡು, ಅಗತ್ಯವಿಲ್ಲದ ಕೋಲೊಂದನ್ನು ಹಿಡಿದು, ಮೂಕನಾಗಿ ಒಳಗೆ ಹೋದೆ. ಏನು ಕೇಳಿದರೂ "ಊಂ" ಎಂದೆ. ಜೊಲ್ಲು ಕೂಡ ಸ್ವಲ್ಪ ಬಿಟ್ಟೆ, ಕಲೆ ಎಂದರೆ ಕಲೆ. ಹೋಲ್ಟ್ ಮೇಡಂ ಕೈಕಟ್ಟಿ ನೋಡುತ್ತಿದ್ದರು.

"ಪಾಪ," ಎಂದರು. "ಅಂದ ಹಾಗೆ ಬಕ್ ಸ್ಟ್ಯಾಫರ್ಡ್ ಮೇವಿನಂಗಡೀಲಿ ಸಿಕ್ಕಿದ್ರು. ನಿಮ್ಮ ಹರಾಜು ಕೂಗೋ ಶೈಲಿ ಅವರಿಂದಲೇ ಕಲಿತದ್ದಂತೆ?"

"ಬೊಗಳೆ!" ಎಂದೆ. ಕೋಲು ಬಿತ್ತು.

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆದರೆ ಮಾರ್ಲಾ ನಗಲಿಲ್ಲ. ಹೊರಗೆ ನಮ್ಮ ಪಿಕಪ್ ಲಾರಿಯ ತನಕ ಹಿಂದೆಯೇ ಬಂದಳು.

"ಮಾವ, ಮೊದಲು ಸುಳ್ಳೇ ಒಳ್ಳೇ ಬಣ್ಣ ಬಳಿದುಕೊಂಡೆ. ಈಗ ಸುಳ್ಳೇ ಕೆಟ್ಟ ಬಣ್ಣ ಬಳ್ಕೊಳ್ತಿದ್ದೀಯ. ನಾನು ಯಾವುದರ ಮೇಲೆ ಪ್ರಮಾಣ ಮಾಡ್ಲಿ?"

"ನಿನಗೆ ಬೇಕಾಗಿದ್ದದ್ದು ರೋಗ ತಾನೆ?"

"ನನಗೆ ಬೇಕಾಗಿದ್ದದ್ದು ನೀನು. ಇರೋ ಹಾಗೆ. ಏನು ಬರತ್ತೆ, ಏನು ಬರಲ್ಲ, ಚಿಕಿತ್ಸೆಯಿಂದ ಏನು ಬರಬಹುದು. ಅಷ್ಟೇ. ಅಷ್ಟು ಹೇಳಕ್ಕೆ ನಿನಗೇನು ಹೊಟ್ಟೆನೋವು?"

ಲಾರಿ ಹತ್ತಿದೆ. ಓಡಿಸುತ್ತಿದ್ದವಳು ಡ್ರುಸಿಲ್ಲಾ. ದಾರಿಯುದ್ದಕ್ಕೂ ಗೇರುಗಳನ್ನು ಬೇಕಿಲ್ಲದ ಜೋರಿನಲ್ಲಿ ಹಾಕಿದಳು. ಅವಳ ಕಿವಿಗೆ ಎಲ್ಲವೂ ಬಿದ್ದಿತ್ತೆಂದು ಕಾಣುತ್ತದೆ.

ಅಕ್ಟೋಬರ್ 5, ಭಾನುವಾರ

ನನಗೆ ಏನು ಬರುವುದಿಲ್ಲ ಎಂದು ಯೋಚಿಸಿ ನೋಡಿದೆ. ಕುತೂಹಲಕ್ಕೆ. ಇದುವರೆಗೆ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ, ನಾನಂತೂ ಕೇಳಿಯೇ ಇರಲಿಲ್ಲ. ವಿಚಿತ್ರವೆಂದರೆ ಕೈಗೆ ಸಿಕ್ಕುವುದಿಲ್ಲ. ಫೋನು ಮಾಡುವುದಿಲ್ಲ, ಏಕೆಂದರೆ ಡ್ರುಸಿಲ್ಲಾ ಮಾಡುತ್ತಾಳೆ. ಊಟದಂಗಡಿಯಲ್ಲಿ ಹುರಿದ ಮೀನು ಬೇಕೆಂದು ಹೇಳುವುದಿಲ್ಲ, ಏಕೆಂದರೆ ಪಟ್ಟಿಯ ಮೇಲೆ ಬೆರಳಿಡುತ್ತೇನೆ. ಹೀಗೆ ಎಲ್ಲದಕ್ಕೂ ಒಂದು ಒಳದಾರಿ ಮಾಡಿಕೊಂಡಿದ್ದೇನೆ. ನನ್ನಂಥ ಬುದ್ಧಿವಂತನ ತೊಂದರೆಯೇ ಇದು.

ಪೈ ಹರಾಜಿನ ದಿನ ಜನ ಸ್ತಬ್ಧರಾಗಿದ್ದರು ಎಂದು ಬರೆದಿದ್ದೆ. ಸ್ತಬ್ಧರಾಗಿದ್ದದ್ದು ನಿಜ. ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಆ ಪೈ ಕೊಂಡದ್ದು ಡ್ರುಸಿಲ್ಲಾ. ಮಾಡಿದ್ದೂ ಅವಳೇ.

ಅಕ್ಟೋಬರ್ 7, ಮಂಗಳವಾರ

ಪರೀಕ್ಷೆಗೆ ಹೋಲ್ಟ್ ಮೇಡಂ ಡ್ರುಸಿಲ್ಲಾಳನ್ನೂ ಒಳಗೆ ಕರೆದರು. ಅವಳು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಳು, ಸಾಕ್ಷಿ ಹೇಳಲು ಬಂದವಳ ಹಾಗೆ.

ಮೊದಲು ನನ್ನನ್ನು ಓದಿಸಿದರು, ಹೇಳಿಸಿದರು, ಟೇಪು ಮಾಡಿಕೊಂಡರು. ಆಮೇಲೆ, "ಮನೆಯಲ್ಲಿ ಮೊದಲು ಮಾಡ್ತಿದ್ದು ಈಗ ಮಾಡಲಾಗದ್ದು ಏನಾದ್ರೂ ಇದೆಯಾ ಡೆಲ್ಮರ್ ಅವರೇ?" ಎಂದರು.

ಪೈ ಹರಾಜಿನ ನಿಜ ಹೇಳಿದೆ. ಹೋರಿಯದ್ದೂ ಹೇಳಿದೆ. ಅವರು ಬರೆದುಕೊಂಡರು. ಇಷ್ಟೇ ತಾನೆ ಎಂದು ನಾನು ಏಳುವವನಿದ್ದೆ.

ಆಗ ಅವಳು ಬಾಯಿ ತೆರೆದಳು. "ಇನ್ನೊಂದಿದೆ. ಇವನು ನನ್ನನ್ನ ಹೆಸರು ಹಿಡಿದು ಕರೆದು ಮೂರು ತಿಂಗಳಾಯ್ತು."

ನಾನು ನಕ್ಕೆ. "ಏನಂತೀಯ, ದಿನಾ ಕರೀತೀನಲ್ಲ!"

"ಸುತ್ತಿಗೆ ಬಾರಿಸ್ತೀಯ ಡೆಲ್ಮರ್. ಜಗಲಿ ಕಟಕಟೆ ತುಂಬ ಗುಳಿ ಬಿದ್ದಿದೆ. ಬೆಳಿಗ್ಗೆ ಎರಡು ಏಟು ಕಾಫಿಗೆ, ಮಧ್ಯಾಹ್ನ ಊಟಕ್ಕೆ. ಹೋದ ವಾರ ಕೊಟ್ಟಿಗೆ ಮೆಟ್ಟಿಲಲ್ಲಿ ಬಿದ್ಯಲ್ಲ, ಆಗ ನಿನ್ನ ಕೈಗೆ ಸುತ್ತಿಗೆ ಸಿಗಲಿಲ್ಲ. ನಾನು ಮೊಟ್ಟೆ ತರಕ್ಕೆ ಬರದೇ ಇದ್ದಿದ್ರೆ ಎಷ್ಟು ಹೊತ್ತು ಬಿದ್ದಿರ್ತಿದ್ದೆ? ಮೇಡಂ, ಇವನು ನಿಮಗೆ ಬಿದ್ದದ್ದು ಹೇಳಿದ್ನಾ?"

ಹೇಳಿರಲಿಲ್ಲ. ಇಲ್ಲಿಯೂ ಬರೆದಿಲ್ಲ.

"ಅದಿರಲಿ," ಎಂದಳು. ದನಿ ಸಣ್ಣದಾಯಿತು. "ನನಗೆ ಆ ಹೆಸರು ಅಷ್ಟೇನೂ ಇಷ್ಟ ಇರಲಿಲ್ಲ. ನನ್ನ ಅಜ್ಜಿ ಇಟ್ಟಿದ್ದು. ಆದ್ರೆ ಇವನು ಹರಾಜು ಕೂಗೋ ಹಾಗೆ ಎಳೆದು ಕರೀತಿದ್ದ, ಕಣಿವೆ ಆಚೆಗೆ ಕೇಳೋ ಹಾಗೆ. ಈಗ ದನ ಕರೆದ ಹಾಗೆ ಆಗಿದೆ."

ಹೋಲ್ಟ್ ಮೇಡಂ ನನ್ನ ಕಡೆ ತಿರುಗಿ, "ಒಂದ್ಸಲ ಪ್ರಯತ್ನ ಮಾಡ್ತೀರಾ?" ಎಂದರು.

ಮಾಡಿದೆ. ಇಲ್ಲಿ ಬರೆಯುವಾಗ ಡ್ರುಸಿಲ್ಲಾ ಎಂದು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಬಾಯಿಂದ ಬಂದದ್ದು "ತುಶಿಯ" ಎಂಬಂಥದ್ದೇನೋ. ಇನ್ನೊಂದು ಸಲ ಮಾಡಿದೆ. ಇನ್ನೂ ಕೆಟ್ಟದಾಗಿ ಬಂತು. ಅವಳು ಕೈಚೀಲದ ಕೊಂಡಿ ತೆಗೆದು ಹಾಕಿ ಮಾಡುತ್ತಿದ್ದಳು, ನನ್ನ ಮುಖ ನೋಡಲಿಲ್ಲ. ಒಳ್ಳೆಯದೇ ಆಯಿತು.

ಮೇಡಂ ಬಹಳ ಹೊತ್ತು ಬರೆದರು. ಈ ಸಲ ಅವರು ಬರೆಯುವುದು ನನಗೆ ದೋಷ ಎನಿಸಲಿಲ್ಲ.

ಅಕ್ಟೋಬರ್ 9, ಗುರುವಾರ

ಮಾರ್ಲಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬಾಲ ಹಚ್ಚಿದಳು. ಹೋಲ್ಟ್ ಮೇಡಂ ಹಳೆಯ ಬರಹವನ್ನು ಅಳಿಸಿಲ್ಲವಂತೆ, ಅಳಿಸುವ ಹಾಗಿಲ್ಲ. ರೋಗಿ ಮೊದಲು ಹೇಳಿದ್ದು ಸರಿಯಲ್ಲ ಎಂದು ರೋಗಿಯೂ ಪತ್ನಿಯೂ ತಿಳಿಸಿದ್ದಾರೆ ಎಂದು ಇವತ್ತಿನ ದಿನಾಂಕ ಹಾಕಿ ಕೆಳಗೆ ಸೇರಿಸಿದ್ದಾರೆ. ಪರೀಕ್ಷೆಯ ಫಲಿತಾಂಶ ಬರೆದಿದ್ದಾರೆ. ಎರಡು ತಿಂಗಳಲ್ಲಿ ಎಷ್ಟು ಸುಧಾರಿಸಿದೆ, ಮುಂದೆ ಎಷ್ಟು ಸುಧಾರಿಸಬಹುದು ಎಂದಿದ್ದಾರೆ. ಗುರಿ ಎಂಬ ಜಾಗದಲ್ಲಿ: ತುರ್ತಿನಲ್ಲಿ ಅಂಗಳದಾಚೆಯಿಂದ ಪತ್ನಿಯನ್ನು ಹೆಸರು ಹಿಡಿದು ಕರೆಯುವುದು.

"ಹರಾಜು ಕೂಗೋದು ಅಂತ ಬರೀಲಿಲ್ವಾ?" ಎಂದು ಕೇಳಿದೆ. ನಿಜ ಹೇಳಬೇಕೆಂದರೆ "ಅರಾ… ಕೂಗೋ… ಬರೀಲ್ವಾ" ಎಂದೆ. ಅವಳು ಎರಡು ಸಲ ಕೇಳಿಸಿಕೊಂಡಳು.

"ಅದನ್ನೂ ಬರೀಬಹುದು ಮಾವ. ಮೇಡಂನ ಕೇಳ್ಲಾ?"

"ಇರಲಿ ಬಿಡು," ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

ಒಂದು ಸಾಲಿಗೆ ಎರಡು ಬಾಲ, ಜಿಎನ್ ಜೊತೆಗೆ ಕೆಎಕ್ಸ್. ಯಾವುದು ಮೊದಲು, ಯಾಕೆ, ಮೂರನೆಯದು ಬಂದರೆ ಎಲ್ಲಿ ಎಂದೆಲ್ಲ ಕೇಳಿದೆ. ಕೊನೆಗೆ ಅವಳು, "ನೀನು ಎಂಟನೇ ಕ್ಲಾಸಿಗೆ ಬಿಟ್ಟಿದ್ದೇ ಒಳ್ಳೇದಾಯ್ತು, ಆ ಟೀಚರ್ ಬದುಕಿಕೊಂಡ್ರು," ಎಂದಳು. ಆಮೇಲೆ ಗುಂಡಿ ಒತ್ತುವ ಮುಂಚೆ ಒಂದು ಗಳಿಗೆ ತಡೆದು ಎಲ್ಲ ಸಾಲನ್ನೂ ತುಟಿಯಲ್ಲೇ ಓದಿಕೊಂಡಳು. ನಮ್ಮ ಪಶುವೈದ್ಯನೂ ಬಣ್ಣ ಹಚ್ಚುವ ಮುಂಚೆ ಹಾಗೇ ಒಂದು ಗಳಿಗೆ ಸುಮ್ಮನಾಗುತ್ತಾನೆ.

ಅಕ್ಟೋಬರ್ 14, ಮಂಗಳವಾರ

ಇವತ್ತು ಪೂರಾ ನಾಲಿಗೆಯ ತುದಿಯನ್ನು ಹಲ್ಲಿನ ಹಿಂದೆ ಇಡುವುದು, ತೆಗೆಯುವುದು. ಇದ್ದ ಜಾಗದಲ್ಲೇ ಇರುವ ನಾಲಿಗೆಗೆ ಹಲ್ಲು ಎಲ್ಲಿದೆ ಎಂದು ತೋರಿಸಿಕೊಡಬೇಕಾಗಿದೆ. ಮಾತಾಡುವಾಗ ಬಾಯೊಳಗೆ ಇಷ್ಟೆಲ್ಲ ನಡೆಯುತ್ತದೆಂದು ಇಷ್ಟು ವರ್ಷ ಕೂಗಿದರೂ ತಿಳಿದಿರಲಿಲ್ಲ. ನಿಧಾನವಾಗಿ ಹೇಳಿದರೆ ಸ್ವಲ್ಪ ಬರುತ್ತದೆ. ನಿಧಾನ ನನಗೆ ಹೊಸದು.

ಅಕ್ಟೋಬರ್ 23, ಗುರುವಾರ

"ಹೋಯ್ತು ಮಾವ, ಒಪ್ಕೊಂಡ್ರು!" ಮಾರ್ಲಾ ಬಾಗಿಲಲ್ಲೇ ಕೂಗಿದಳು. ತಡೆದಿಟ್ಟ ಮಾತಿನ ಬಿಲ್ಲುಗಳೆಲ್ಲ ಪಾಸಾಗಿವೆ. ಚಿಕಿತ್ಸೆ ಮುಂದುವರಿಯುತ್ತದೆ. ಹಾಗೆಂದು ಕೆಎಕ್ಸ್ ಒಮ್ಮೆ ಹಚ್ಚಿದರೆ ಮುಗಿಯಿತೆಂದಲ್ಲ. ಪ್ರತಿ ಸಲವೂ ಅದು ನಿಜವಾಗಿರಬೇಕು.

ಹೋಲ್ಟ್ ಮೇಡಂ ವಾರ ಹೇಗಿತ್ತು ಎಂದರು. ಸೋಮವಾರ ಚೆನ್ನಾಗಿತ್ತು, ಮಂಗಳವಾರ ಸಂಜೆ ದಣಿದಾಗ ಏನೂ ಬರಲಿಲ್ಲ, ಬುಧವಾರ ನಾಯಿಯನ್ನು ಕರೆದೆ, ಬಂತು, ಆದರೆ ಅದು ಹೇಗೂ ಬರುತ್ತಿತ್ತು ಎಂದೆ.

ನವೆಂಬರ್ 1, ಶನಿವಾರ

ಬೆಳಿಗ್ಗೆ ಕಾಫಿಗೆ ಸುತ್ತಿಗೆ ಹುಡುಕಿದೆ. ಅವಳು ಎಲ್ಲೋ ಬಚ್ಚಿಟ್ಟಿದ್ದಾಳೆ ಎಂದುಕೊಂಡೆ. ಆಮೇಲೆ ನೆನಪಾಯಿತು, ನಾನೇ ನಿನ್ನೆ ಅದನ್ನು ಬಕ್ ಕೈಗೆ ಕೊಟ್ಟು ಕಳಿಸಿದ್ದೆ. ಅವನ ಸುತ್ತಿಗೆಯ ಹಿಡಿ ಸೀಳಿದೆಯಂತೆ, ಇವತ್ತಿಗೆ ಬೇಕಿತ್ತು. ಕರುಗಳ ಹರಾಜು ಇವತ್ತೇ ತಾನೆ.

ಅಂಗಳದಾಚೆ ಅವಳು ನನಗೆ ಬೆನ್ನು ಮಾಡಿ ಬಟ್ಟೆ ಒಣಹಾಕುತ್ತಿದ್ದಳು. ಕಟಕಟೆಯ ಗುಳಿಗಳ ಮೇಲೆ ಕೈಯೂರಿ ನಿಂತೆ. ನಾಲಿಗೆಯ ತುದಿಯನ್ನು ಹೇಳಿಕೊಟ್ಟ ಜಾಗದಲ್ಲಿಟ್ಟೆ. ಉಸಿರು ತುಂಬಿಕೊಂಡು ನಿಧಾನವಾಗಿ ಕರೆದೆ.

"ಡ್ರು…ಸಿಲ್ಲಾ."

ಕೊನೆ ಸ್ವಲ್ಪ ಸವೆದಿತ್ತು. ಆದರೆ ಹೆಸರೇ.

ಅವಳು ತಿರುಗಲಿಲ್ಲ. ಕೈಯಲ್ಲಿದ್ದ ಅಂಗಿ ಹಗ್ಗದ ಮೇಲೆ ಹಾಗೇ ನಿಂತಿತು. ಎಡಭುಜ ಒಂದಿಷ್ಟು, ಕೂದಲೆಳೆಯಷ್ಟು, ಮೇಲೆದ್ದು ಇಳಿಯಿತು. ತುಂಬಿದ ಹರಾಜು ಸಭೆಯಲ್ಲಾಗಿದ್ದರೂ ಬೇರೆ ಯಾರೂ ಅದನ್ನು ಗಮನಿಸುತ್ತಿರಲಿಲ್ಲ. ನನ್ನ ಕಸುಬೇ ಅದು. ಬೆಲೆ ಏರಿಸಲು ಟೋಪಿಯ ಅಂಚು ಮುಟ್ಟುವವರು, ಹುಬ್ಬು ಹಾರಿಸುವವರು, ಕಣ್ಣೇ ಎತ್ತದವರು, ಎಲ್ಲರನ್ನೂ ಬಲ್ಲೆ. ಕೇಳಿಸಿದೆ. ಕೇಳಿಸಿಯೂ ಬೆನ್ನು ಮಾಡಿಯೇ ನಿಂತಿದ್ದಾಳೆ, ಇನ್ನೊಂದು ಕೂಗು ಬೇಕೆಂದು.

ಮತ್ತೆ ಕರೆದೆ.